ಅಳತೆಗಿಟ್ಟ ರಕ್ತ

"ಒಂದು ಮಲಗಿದೆ, ಇನ್ನೊಂದು ಎದ್ದು ಕುಣೀತಿದೆ," ಎಂದಳು ಸರ್ನಾಯ್, ಲುವ್ಸನ್‌ನ ರಕ್ತದ ಎರಡು ವರದಿಗಳನ್ನು ಆಸ್ಪತ್ರೆಯ ತನ್ನ ಪ್ರಯೋಗಶಾಲೆಯ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು. "ಇಂಥ ಜೋಡಿ ನಾನು ನೋಡೇ ಇಲ್ಲ."

ದಶ್ನ್ಯಾಮ್ ವರದಿಗಳನ್ನು ನೋಡಲಿಲ್ಲ. ಅವನ ಕಣ್ಣು ಕಿಟಕಿಯ ಪಕ್ಕದಲ್ಲಿ ಬೋರಲು ಹಾಕಿದ್ದ ಎರಡು ಚಹಾ ಬಟ್ಟಲುಗಳ ಮೇಲಿತ್ತು. ನೀಲಿ ಅಂಚಿನ ಜೋಡಿ ಬಟ್ಟಲುಗಳು. ತನ್ನ ಹೆಂಡತಿಯಾಗಿದ್ದಾಗ ಇವಳು ಕೈಗೆ ಸಿಕ್ಕಿದ ಡಬರಿಯಲ್ಲಿ ಚಹಾ ಕುಡಿಯುತ್ತಿದ್ದಳು. ಈಗ ಜೋಡಿ ಬಟ್ಟಲು ಬೇಕಾಗಿದೆ.

ಯಕೃತ್ತಿನ ಗಡ್ಡೆ ತೆಗೆಸಿಕೊಂಡು, ಬದುಕುತ್ತೀರಿ ಎಂದು ಡಾಕ್ಟರಿಂದ ಭರವಸೆ ಪಡೆದಿದ್ದ ಇಬ್ಬರು ಆ ಬೇಸಿಗೆಯಲ್ಲಿ ರಕ್ತ ಸೋರಿ ಸತ್ತಿದ್ದರು. ಮೂರನೆಯವನು ಕುದುರೆ ಪಳಗಿಸುವ ಲುವ್ಸನ್, ಮೇಲಿನ ಮಹಡಿಯಲ್ಲಿ ಒಸಡಿನಿಂದ ರಕ್ತ ಉಗುಳುತ್ತ ಮಲಗಿದ್ದ. ಮೂವರಿಗೂ ಚಾಕು ಹಾಕಿದವನು ಡಾಕ್ಟರ್ ಅಂಗರಗ್, ಸರ್ನಾಯ್‌ಳ ಈಗಿನ ಗಂಡ. ಕೇಸನ್ನು ಪೊಲೀಸ್ ಇಲಾಖೆಯವರು ದಶ್ನ್ಯಾಮ್‌ನ ತಲೆಗೆ ಕಟ್ಟಿರಲಿಲ್ಲ. ಅವನೇ ಹಲ್ಲು ಗಿಂಜಿ ಕೇಳಿ ಪಡೆದಿದ್ದ.

"ನೋಡ್ತಿದ್ದೀಯಾ, ಇಲ್ಲಾ ಕನಸು ಕಾಣ್ತಿದ್ದೀಯಾ?" ಎಂದಳು ಅವಳು.

"ಹೇಳು. ದಡ್ಡನಿಗೆ ಹೇಳೋ ಹಾಗೆ ಹೇಳು."

"ಅದು ನನಗೆ ಅಭ್ಯಾಸ ಇದೆ ಬಿಡು," ಎಂದು ಅವಳು ಬೆರಳಿಟ್ಟು ತೋರಿಸಿದಳು. "ಯಕೃತ್ತಿನಲ್ಲಿ ಗಡ್ಡೆ ಮತ್ತೆ ಬೆಳೆದರೆ ಅದರ ಗುರುತು ರಕ್ತಕ್ಕೆ ಇಳಿಯುತ್ತೆ. ಎರಡು ಗುರುತು ನೋಡ್ತೀವಿ. ಇದು ಎಎಫ್‌ಪಿ. ತಣ್ಣಗೆ ಮಲಗಿದೆ. ಇದು ಪಿವ್ಕಾ. ನೂರು ಪಟ್ಟು ಏರಿದೆ. ಹೊಟ್ಟೆಯ ಚಿತ್ರ ತೆಗೆದರೆ ಏನೂ ಕಾಣ್ತಿಲ್ಲ. ಕಣ್ಣಿಗೆ ಬೀಳದಷ್ಟು ಸಣ್ಣ ಗಡ್ಡೆ ಒಳಗೆ ಅಡಗಿದೆ, ನಾಳೆ ಬೆಳಿಗ್ಗೆ ಕುಯ್ದು ಹುಡುಕ್ತೀನಿ ಅಂತಾರೆ ಅವರು."

ಅವರು. ಆ ಒಂದು ಮಾತು ದಶ್ನ್ಯಾಮ್‌ನ ಎದೆಗೆ ಮುಳ್ಳಿನ ಹಾಗೆ ಚುಚ್ಚಿತು. ತನ್ನನ್ನು ಅವಳು ಎಂದೂ ಬಹುವಚನದಲ್ಲಿ ಕರೆದದ್ದಿಲ್ಲ.

"ಗಡ್ಡೆ ಇಲ್ಲದೆ ಈ ಪಿವ್ಕಾ ಏರೋದೇ ಇಲ್ಲವಾ?"

"ಏರುತ್ತೆ. ರಕ್ತ ಹೆಪ್ಪುಗಟ್ಟಿಸೋ ಸಾಮಾನು ತಯಾರಾಗೋದು ಯಕೃತ್ತಿನಲ್ಲಿ. ಯಾವುದಾದರೂ ವಿಷ ಆ ಕೆಲಸ ಕೆಡಿಸಿದರೆ ಅರ್ಧ ಬೆಂದ ಸರಕು ಹೊರಗೆ ಬರುತ್ತೆ. ಅದೇ ಪಿವ್ಕಾ. ಆದರೆ ಹಾಗಾಗಿದ್ದರೆ ರಕ್ತ ಹೆಪ್ಪುಗಟ್ಟಬಾರದು. ಇವನದು ಆರೋಗ್ಯವಂತರಷ್ಟೇ ಚೆನ್ನಾಗಿ ಹೆಪ್ಪುಗಟ್ಟುತ್ತಿದೆ. ನಾನೇ ಪರೀಕ್ಷೆ ಮಾಡಿ ಸಹಿ ಹಾಕಿದೀನಿ."

"ಮತ್ತೆ ಒಸಡಿನಲ್ಲಿ ರಕ್ತ?"

ಸರ್ನಾಯ್ ವರದಿಗಳನ್ನು ಒಂದರ ಮೇಲೊಂದು ಇಟ್ಟು, ಮತ್ತೆ ಬಿಡಿಸಿ ಪಕ್ಕಪಕ್ಕ ಇಟ್ಟಳು. ತಿಳಿಯದ ವಿಷಯವನ್ನು ತಿಳಿಯದು ಎಂದು ಒಪ್ಪಿಕೊಳ್ಳಲು ಅವಳಿಗೆ ಎಂದೂ ನಾಲಿಗೆ ಬರುತ್ತಿರಲಿಲ್ಲ.

"ನಿನ್ನ ಗಂಡ ಅಂಕಿ ತಿದ್ದಿರಬಹುದು," ಎಂದ ದಶ್ನ್ಯಾಮ್.

"ಅದನ್ನ ಹೇಳೋಕೇ ಬಂದದ್ದು ನೀನು. ಬಾಗಿಲು ಅಲ್ಲಿದೆ."

ಅಂಗರಗ್‌ನ ತಕ್ಕಡಿ ಎಂದರೆ ಉಲಾನ್‌ಬಾತರ್ ನಗರದಲ್ಲಿ ಚಹಾ ಮಾರುವವರಿಗೂ ಗೊತ್ತು. ಚಾಕು ಹಾಕುವ ಮೊದಲು ರಕ್ತದ ಐದು ಅಂಕಿಗಳನ್ನು ತೂಗಿ, ಯಾರು ಬದುಕುತ್ತಾರೆ, ಯಾರಿಗೆ ಗಡ್ಡೆ ಮರಳುತ್ತದೆ ಎಂದು ಅವನು ಹೇಳುತ್ತಿದ್ದ, ಹೇಳಿದಂತೆಯೇ ಆಗುತ್ತಿತ್ತು. ಪ್ರತಿ ಮನೆಯಲ್ಲೂ ಯಕೃತ್ತಿನ ಕಾಯಿಲೆಗೆ ಒಬ್ಬರನ್ನು ಕಳೆದುಕೊಂಡಿರುವ ದೇಶದಲ್ಲಿ ಅಂಥವನನ್ನು ಜನ ದೇವರ ಪಕ್ಕದಲ್ಲಿ ಕೂರಿಸದೆ ಇನ್ನೇನು ಮಾಡುತ್ತಾರೆ. ದಶ್ನ್ಯಾಮ್‌ಗೆ ಮಾತ್ರ ಆ ಹೆಸರು ಕೇಳಿದರೆ ಊಟ ಸೇರುತ್ತಿರಲಿಲ್ಲ. ಪೀಡೆ, ನೋಡಲೂ ಚೆನ್ನಾಗಿದ್ದ.

ಮೆಟ್ಟಿಲು ಹತ್ತಿ ಬಂದಾಗ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಲುವ್ಸನ್‌ನ ಹೆಂಡತಿ ಯಂಜ್ಮಾ ಕೂತಿದ್ದಳು. ಮಡಿಲಲ್ಲಿ ಸಾರಿನ ಫ್ಲಾಸ್ಕು. ಮುಚ್ಚಳ ತಿರುಗಿಸಿ ಬಟ್ಟಲಿಗೆ ಬಗ್ಗಿಸುತ್ತಿದ್ದವಳು ಪೊಲೀಸನನ್ನು ಕಂಡದ್ದೇ ಗಬಕ್ಕನೆ ಮುಚ್ಚಿಬಿಟ್ಟಳು.

ಮುಚ್ಚಿದರೇನು, ವಾಸನೆ ಆಗಲೇ ಹೊರಗೆ ಬಂದಿತ್ತು. ದಶ್ನ್ಯಾಮ್ ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದವನು. ಕುರಿ, ಆಡು, ಕುದುರೆ, ಯಾಕ್, ಯಾವುದರ ಸಾರು ಎಂದು ಕಣ್ಣು ಮುಚ್ಚಿ ಹೇಳಬಲ್ಲ. ಇದು ಅವು ಯಾವುದೂ ಅಲ್ಲ.

"ತಾರ್ಬಗದ ಸಾರಲ್ಲವಾ ಅಮ್ಮ?"

"ಅಯ್ಯೋ ಇಲ್ಲಪ್ಪ. ಕುರಿ."

"ಬಿಲದಲ್ಲಿ ಮಲಗೋ ಕುರಿಯಾ?"

ಯಂಜ್ಮಾ ಫ್ಲಾಸ್ಕನ್ನು ನಿಲುವಂಗಿಯ ಮಡಿಕೆಯೊಳಗೆ ತುರುಕಿದಳು. ತಾರ್ಬಗ ಹುಲ್ಲುಗಾವಲಿನ ದಪ್ಪ ಬಿಲವಾಸಿ. ಅದನ್ನು ಬೇಟೆಯಾಡಬಾರದೆಂದು ಸರ್ಕಾರ ಕಟ್ಟಪ್ಪಣೆ ಮಾಡಿದೆ, ಅದರ ಮಾಂಸ ಕಂಡರೆ ಬಿಡಬಾರದೆಂದು ಜನರ ನಾಲಿಗೆ ಕಟ್ಟಪ್ಪಣೆ ಮಾಡಿದೆ. ಎರಡರಲ್ಲಿ ಗೆಲ್ಲುವುದು ಯಾವುದು ಎಂದು ಬೇರೆ ಹೇಳಬೇಕಾಗಿಲ್ಲ.

"ನಾನು ಬೇಟೆ ಹಿಡಿಯೋ ಇಲಾಖೆಯವನಲ್ಲ," ಎಂದು ದಶ್ನ್ಯಾಮ್ ಪಕ್ಕದಲ್ಲಿ ಕೂತ. "ನಮ್ಮಮ್ಮನೂ ಮಾಡ್ತಿದ್ಲು. ಹೇಳಿ, ಯಾವ ಭಾಗ ಇದು?"

"ಯಕೃತ್ತು," ಎಂದಳು ಅವಳು ಪಿಸುಮಾತಿನಲ್ಲಿ. "ಯಾವ ಅಂಗ ಕೆಟ್ಟಿದೆಯೋ ಅದೇ ಅಂಗ ತಿನ್ನಬೇಕು ಅಂತ ನಮ್ಮತ್ತೆ ಹೇಳ್ತಿದ್ರು. ಯಕೃತ್ತಿಗೆ ಯಕೃತ್ತೇ ಮದ್ದು. ಅದರಲ್ಲೂ ತಾರ್ಬಗದ್ದು."

"ತಂದುಕೊಡೋದು ಯಾರು?"

"ಗೊತ್ತಿಲ್ಲಪ್ಪ. ಬೆಳಿಗ್ಗೆ ಎದ್ದರೆ ಬೇಲಿ ಬಾಗಿಲಿಗೆ ಚೀಲ ಕಟ್ಟಿರುತ್ತೆ. ಯಾರೋ ಪುಣ್ಯಾತ್ಮರು. ಕದ್ದು ಬೇಟೆಯಾಡಿ ತಂದದ್ದು ಅಂದ ಮೇಲೆ ಯಾರು ಏನು ಅಂತ ಕೇಳೋದುಂಟಾ? ಕೊಟ್ಟವನಿಗೇ ತೊಂದರೆ."

"ನಿಮ್ಮ ಮನೆಗೆ ಮಾತ್ರವಾ?"

ಯಂಜ್ಮಾ ಅತ್ತಿತ್ತ ನೋಡಿದಳು. "ತೀರಿಹೋದರಲ್ಲ, ಆ ಇಬ್ಬರ ಮನೆಗೂ ಬರ್ತಿತ್ತು. ಅವರ ಹೆಂಗಸರು ಇದೇ ಬೆಂಚಿನ ಮೇಲೆ ಕೂತು ನಂಗೆ ಹೇಳಿದ್ರು. ಪೊಲೀಸರಿಗೆ ಹೇಳೋ ಮಾತಾ ಅದು?"

ದಶ್ನ್ಯಾಮ್ ಫ್ಲಾಸ್ಕು ಅಡಗಿದ್ದ ಮಡಿಕೆಯನ್ನೇ ನೋಡಿದ. ಚಿಕ್ಕಂದಿನಲ್ಲಿ ಒಂದು ವಸಂತ, ಹುಲ್ಲು ತಿಂದು ಹಾಕುವ ಇಲಿಗಳಿಗೆಂದು ಸರ್ಕಾರದವರು ಬಯಲಿಗೆಲ್ಲ ಮದ್ದಿನ ಕಾಳು ಎರಚಿದ್ದರು. ಇಲಿಗಳು ಸತ್ತವು. ಸತ್ತ ಇಲಿ ತಿಂದ ಅವರ ಮನೆಯ ಎರಡು ನಾಯಿಗಳು ಮೂಗಿನಿಂದ ರಕ್ತ ಸುರಿಸಿಕೊಂಡು ಗುಡಾರದ ಬಾಗಿಲಲ್ಲೇ ಪ್ರಾಣ ಬಿಟ್ಟವು. ಆ ವಿಷ ಹೋಗಿ ಕೂರುವುದು ಯಕೃತ್ತಿನಲ್ಲಿ ಎಂದು ದನದ ಡಾಕ್ಟರು ಅಪ್ಪನಿಗೆ ಹೇಳಿದ್ದು ಅವನಿಗೆ ಇಂದಿಗೂ ನೆನಪಿತ್ತು. ಬೇಯಿಸಿದರೂ ಅದು ಹೋಗುವುದಿಲ್ಲ.

ಯಾರೋ ಇದನ್ನು ಬಲ್ಲವನು, ಅಂಗರಗ್‌ನ ತಕ್ಕಡಿ ಯಾರಿಗೆ ಆಯಸ್ಸು ತೂಗಿ ಕೊಟ್ಟಿತೋ ಅವರನ್ನೇ ಹುಡುಕಿ ಹುಡುಕಿ ಔತಣ ಕಳಿಸುತ್ತಿದ್ದ. ರೋಗಿಗಳ ಮೇಲೆ ಅವನಿಗೆ ಯಾವ ದ್ವೇಷವೂ ಇರಲಾರದು. ಅವನಿಗೆ ಬೇಕಾದದ್ದು ತಕ್ಕಡಿ ಸುಳ್ಳಾಗುವುದು, ತಕ್ಕಡಿಯವನು ಬೀದಿಗೆ ಬೀಳುವುದು.

"ಮನೇಲಿ ಇನ್ನೂ ಮಾಂಸ ಇದೆಯಾ?"

"ತಣ್ಣನೆ ಪೆಟ್ಟಿಗೇಲಿ ಇದೆ. ನಿನ್ನೆಯೂ ಚೀಲ ಬಂದಿತ್ತು."

"ಇನ್ನು ಒಂದು ಚೂರೂ ಅವರಿಗೆ ಕೊಡಬೇಡಿ. ಈಗಲೇ ಹೋಗಿ ಆ ಚೀಲದ ಸಮೇತ ಎಲ್ಲಾ ತಂದುಬಿಡಿ. ನನ್ನ ಜೀಪಿದೆ."

ಕೆಳಗೆ ಅಂಗಳದಲ್ಲಿ ತ್ಸೆಂದ್ ಜೀಪಿಗೆ ಒರಗಿಕೊಂಡು ನಶ್ಯ ಏರಿಸುತ್ತಿದ್ದ. ದಶ್ನ್ಯಾಮ್‌ನ ಹಳೆಯ ಡ್ರೈವರ್. ಸರ್ನಾಯ್ ಮನೆ ಬಿಟ್ಟ ದಿನ ಅವಳ ಪೆಟ್ಟಿಗೆಗಳನ್ನು ಹೊತ್ತು ಇಳಿಸಿಕೊಟ್ಟವನೂ ಅವನೇ, ಆಮೇಲೆ ಜೀಪಿನಲ್ಲಿ ಕೂತು ಮೂಗು ಸೀನಿಕೊಂಡು ಅತ್ತವನೂ ಅವನೇ. ಡಾಕ್ಟರನ ಹೆಸರೆತ್ತಿದರೆ ಇಂದಿಗೂ ಕಿಟಕಿಯಿಂದ ಹೊರಗೆ ಉಗುಳುತ್ತಿದ್ದ. ಇಷ್ಟು ನಿಯತ್ತಿನ ಮನುಷ್ಯ ತನಗೆ ಇನ್ನೊಬ್ಬನಿಲ್ಲ ಎಂದು ದಶ್ನ್ಯಾಮ್ ಕುಡಿದಾಗಲೆಲ್ಲ ಹೇಳುತ್ತಿದ್ದ.

"ಈಯಮ್ಮನ್ನ ಮನೆಗೆ ಕರಕೊಂಡು ಹೋಗಿ ವಾಪಸ್ ಕರಕೊಂಡು ಬಾ. ಅವರು ಕೊಡೋ ಚೀಲನ ಜೋಪಾನ ಮಾಡು."

"ಏನಿದೆ ಸಾಹೇಬ್ರೇ ಚೀಲದಲ್ಲಿ?"

"ಡಾಕ್ಟರನ ಹಣೆಬರಹ," ಎಂದ ದಶ್ನ್ಯಾಮ್.

ತ್ಸೆಂದ್ ನಶ್ಯದ ಕುಪ್ಪಿಯನ್ನು ನಿಧಾನವಾಗಿ ಎದೆಯ ಚೀಲಕ್ಕೆ ಇಳಿಸಿದ. ಯಂಜ್ಮಾ ಹತ್ತುವ ಮುಂಚೆ ದಶ್ನ್ಯಾಮ್‌ನ ತೋಳು ಮುಟ್ಟಿದಳು. "ನೀವು ಬಂದಿರಲ್ಲಪ್ಪ, ಇನ್ನು ನಂಗೆ ಭಯ ಇಲ್ಲ." ದಶ್ನ್ಯಾಮ್ ಬಾಗಿಲು ಹಾಕಿ, ಜೀಪು ಗೇಟು ದಾಟುವವರೆಗೂ ನಿಂತಿದ್ದ.

ಅಲ್ಲಿಂದ ನೇರ ಮೇಲೆ ಹೋಗಿ ಅಂಗರಗ್‌ಗೆ ವಿಷಯ ಹೇಳಬೇಕಿತ್ತು. ಹೋಗಲಿಲ್ಲ. ಕ್ಯಾಂಟೀನಿಗೆ ಹೋದ.

ಖೂಷೂರ್ ತರಿಸಿದ. ಎಣ್ಣೆಯಲ್ಲಿ ಕರಿದ ಮಾಂಸದ ಕಡುಬು ಬಿಸಿಬಿಸಿಯಾಗಿ ಬಂತು. ಮುಂದಿಟ್ಟುಕೊಂಡು ಕೂತ. ತಲೆಯಲ್ಲಿ ಒಂದು ಯೋಚನೆ ಬಂದು ಕಾಲು ಚಾಚಿ ಮಲಗಿತ್ತು.

ತಾನು ಬಾಯಿ ಮುಚ್ಚಿಕೊಂಡಿದ್ದರೆ ಏನಾಗುತ್ತದೆ? ನಾಳೆ ಬೆಳಿಗ್ಗೆ ಅಂಗರಗ್ ಇಲ್ಲದ ಗಡ್ಡೆ ಹುಡುಕಲು ಚಾಕು ಹಾಕುತ್ತಾನೆ. ವಿಷ ತುಂಬಿದ ರಕ್ತ ನಿಲ್ಲುವುದಿಲ್ಲ. ಲುವ್ಸನ್ ಮೇಜಿನ ಮೇಲೇ ಸಾಯುತ್ತಾನೆ, ಇಡೀ ದೇಶ ನೋಡುತ್ತಿರುವಾಗ, ಅಂಗರಗ್‌ನ ಕೈಯಲ್ಲೇ. ತಕ್ಕಡಿ ಮುರಿಯಿತು, ಹೆಸರು ಮಣ್ಣಾಯಿತು. ವಿಷದ ವಿಷಯ ನಾಡಿದ್ದು ಪತ್ತೆಯಾದಂತೆ ಬರೆದರಾಯಿತು. ಹಾವೂ ಸಾಯುತ್ತದೆ, ತನ್ನ ಕೋಲೂ ಮುರಿಯುವುದಿಲ್ಲ. ಆಮೇಲೆ ಸರ್ನಾಯ್ ಯಾರನ್ನು ಬಹುವಚನದಲ್ಲಿ ಕರೆಯುತ್ತಾಳೆ ನೋಡೋಣ.

ಹೊಟ್ಟೆಕಿಚ್ಚು ಎಂಥ ಸಜ್ಜನನನ್ನೂ ಇಲ್ಲಿಯವರೆಗೆ ಕರೆತರುತ್ತದೆ. ದಶ್ನ್ಯಾಮ್ ಸಜ್ಜನನೇ. ಆದರೂ ಅವನು ಅಲ್ಲಿ ಕೂತೇ ಇದ್ದ. ಖೂಷೂರ್ ಆರಿ, ಎಣ್ಣೆ ತಟ್ಟೆಯಲ್ಲಿ ಬಿಳಿಯ ಕೊಬ್ಬಾಗಿ ಹೆಪ್ಪುಗಟ್ಟಿತು. ಎರಡು ಸಲ ಚಹಾ ತರಿಸಿ ಎರಡು ಸಲವೂ ಕುಡಿಯದೆ ಬಿಟ್ಟ.

ಕೊನೆಗೆ ಅವನನ್ನು ಎಬ್ಬಿಸಿದ್ದು ಧರ್ಮವೂ ಅಲ್ಲ, ಕಾನೂನೂ ಅಲ್ಲ. ಇನ್ನು ನಂಗೆ ಭಯ ಇಲ್ಲ ಎಂದ ಮುದುಕಿಯ ಮಾತು. ಥತ್, ಎಂದು ತನಗೆ ತಾನೇ ಉಗಿದುಕೊಂಡು ಎದ್ದ.

ಅಂಗರಗ್ ತನ್ನ ಕೋಣೆಯಲ್ಲಿ ನಾಳೆಯ ಚಾಕುಗಾರಿಕೆಗೆ ಚಿತ್ರಗಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. ತಿರುಗಿ ಕೂಡ ನೋಡಲಿಲ್ಲ.

"ಬನ್ನಿ ದಶ್ನ್ಯಾಮ್. ಬೇಡಿ ತಂದಿದ್ದೀರಾ, ಇಲ್ಲಾ ಬರೀ ಬಾಯಾ?"

"ನಾಳೆ ಆ ಮುದುಕನ್ನ ಕುಯ್ಯಬೇಡಿ."

"ಇದು ಪೊಲೀಸ್ ಆಜ್ಞೆಯಾ, ಮಾಜಿ ಗಂಡನ ಸಲಹೆಯಾ?"

"ಅವನ ಹೊಟ್ಟೇಲಿ ಗಡ್ಡೆ ಇಲ್ಲ ಡಾಕ್ಟ್ರೇ. ಇಲಿಪಾಷಾಣ ಇದೆ. ತಾರ್ಬಗದ ಯಕೃತ್ತಿನಲ್ಲಿ ಇಟ್ಟು ತಿನ್ನಿಸ್ತಿದ್ದಾರೆ. ಸತ್ತ ಇಬ್ಬರಿಗೂ ಅದೇ."

ಈಗ ಅಂಗರಗ್ ತಿರುಗಿದ. ಒಂದು ಗಳಿಗೆ ಅವನ ಮುಖದಲ್ಲಿ ಏನೋ ಹಗುರವಾದಂತೆ ಕಂಡಿತು. ತನ್ನ ತಕ್ಕಡಿ ತಪ್ಪಿರಲಿಲ್ಲ ಎಂಬ ಸಮಾಧಾನ ಇರಬೇಕು. ಮರುಗಳಿಗೆ ತಲೆಯಾಡಿಸಿದ.

"ಕಥೆ ಚೆನ್ನಾಗಿದೆ. ನಿಜ ಆಗಿದ್ದರೆ ನಿಮಗೆ ಕೈಮುಗಿಯುತ್ತಿದ್ದೆ. ಆದರೆ ಇಲಿಮದ್ದು ತಿಂದವನ ರಕ್ತ ನೀರಿನ ಹಾಗೆ ಹರೀತಿರುತ್ತೆ, ಹೆಪ್ಪುಗಟ್ಟಲ್ಲ. ಇವನದು ಹೆಪ್ಪುಗಟ್ಟೋ ಹೊತ್ತು ಆರೋಗ್ಯವಂತರ ಹೊತ್ತಿಗೆ ಸರಿಸಮ. ಇಲ್ಲಿದೆ ನೋಡಿ."

"ಸರ್ನಾಯ್ ಕೂಡ ಇದೇ ಅಂದಳು. ಆರೋಗ್ಯವಂತರು ಅಂದರೆ ಯಾರು?"

"ಅಂದರೆ?"

"ಯಾರಿಗೆ ಸರಿಸಮ ಅಂತ ಕೇಳ್ತಿದ್ದೀನಿ. ಪಕ್ಕದಲ್ಲಿ ಯಾರನ್ನೋ ನಿಲ್ಲಿಸಿ ತಾನೇ ಎತ್ತರ ಹೇಳೋದು."

ಅಂಗರಗ್ ಮಗುವಿಗೆ ಪಾಠ ಹೇಳುವವನಂತೆ ನಿಟ್ಟುಸಿರು ಬಿಟ್ಟ. "ಹೆಪ್ಪು ಪರೀಕ್ಷೆಯ ಯಂತ್ರ ಕೆಟ್ಟಿದೆ, ಬಿಡಿಭಾಗಕ್ಕೆ ಕಾಯ್ತಿದ್ದೀವಿ. ಅಲ್ಲೀವರೆಗೂ ಹಳೇ ಕ್ರಮ. ರೋಗಿಯ ರಕ್ತ ಒಂದು ಕೊಳವೇಲಿ, ಆರೋಗ್ಯವಂತರೊಬ್ಬರ ರಕ್ತ ಇನ್ನೊಂದರಲ್ಲಿ. ಎರಡರ ಹೊತ್ತನ್ನೂ ಹೋಲಿಸಿ ಬರೀತಾರೆ. ಎಲ್ಲಾ ಪ್ರಯೋಗಶಾಲೆಯಲ್ಲೂ ಹಾಗೇ, ಅಲ್ಲಿನವರೇ ಯಾರಾದರೂ ಒಬ್ಬರು ತಮ್ಮ ರಕ್ತ ಅಳತೆಗೆ ಕೊಡ್ತಾರೆ."

"ಕುಂಟು ಕುದುರೆ ಪಕ್ಕ ಇನ್ನೊಂದು ಕುಂಟು ಕುದುರೆ ಓಡಿಸಿದರೆ ಎರಡೂ ಸರಿಸಮವೇ, ಅಲ್ಲವಾ?"

ಅಂಗರಗ್ ಕಪಾಟಿನಿಂದ ಬೇರೆ ರೋಗಿಗಳ ವರದಿಗಳನ್ನು ಎಳೆದು ಒಂದೊಂದಾಗಿ ನೋಡತೊಡಗಿದ. ನೋಡುತ್ತ ನೋಡುತ್ತ ಅವನ ಬೆರಳುಗಳು ನಿಧಾನವಾದವು.

"ಈ ತಿಂಗಳು ಎಲ್ಲರದೂ ಚೆನ್ನಾಗಿದೆ," ಎಂದ, ತನಗೇ ಹೇಳಿಕೊಳ್ಳುವಂತೆ. "ಯಕೃತ್ತು ಅರ್ಧ ಹೋದವರದೂ ಆರೋಗ್ಯವಂತರಿಗಿಂತ ಬೇಗ ಹೆಪ್ಪುಗಟ್ಟಿದೆ. ನಾನು ಖುಷಿಪಟ್ಟಿದ್ದೆ."

"ಯಾರ ರಕ್ತ ಅದು?"

ಅಂಗರಗ್ ತಲೆಯೆತ್ತಿದ. ಆ ಚೆಂದದ ಮುಖ ಸುಣ್ಣದ ಹಾಗಿತ್ತು.

"ಸರ್ನಾಯ್‌ದು."

ಜೀವಮಾನದಲ್ಲಿ ಮೊದಲ ಸಲ ಆ ಇಬ್ಬರು ಗಂಡಸರಿಗೂ ಒಂದೇ ಚಿಂತೆ ಇತ್ತು. ಅಂಗರಗ್ ಫೋನೆತ್ತಿ ಹೆಂಡತಿಯನ್ನು ತಕ್ಷಣ ಮೇಲೆ ಬರಹೇಳಿದ, ಏನೂ ವಿವರಿಸಲಿಲ್ಲ. ಫೋನಿಟ್ಟು ದಶ್ನ್ಯಾಮ್‌ನ ಕಡೆ ತಿರುಗಿದಾಗ ಅವನ ಕಣ್ಣಿನಲ್ಲಿ ಬೆಂಕಿ ಇತ್ತು.

"ನೀವು ಬಹಳ ಚೆನ್ನಾಗಿ ನಾಟಕ ಆಡ್ತೀರಿ."

"ನಾನಾ?"

"ತಾರ್ಬಗ ಕಳಿಸಿದವರೇ ಬಂದು ತಾರ್ಬಗದಲ್ಲಿ ವಿಷ ಇದೆ ಅಂತಿದ್ದೀರಿ. ಸರ್ನಾಯ್‌ಗೆ ವಾರಕ್ಕೊಂದು ಪೊಟ್ಟಣ. ಅವಳಿಗೆ ಯಕೃತ್ತು ಅಂದರೆ ಪ್ರಾಣ ಅಂತ ನಿಮಗೆ ಗೊತ್ತಂತೆ, ನನಗೆ ಗೊತ್ತಿಲ್ಲವಂತೆ. ಒಬ್ಬಳೇ ಕೂತು ತಿಂತಿದ್ಲು. ನಾನು ಒಂದು ಚೂರೂ ಬಾಯಿಗಿಡಲಿಲ್ಲ. ಇಡೋಕೆ ಆಗ್ತಿರಲಿಲ್ಲ. ಹೊಟ್ಟೆ ಉರೀತಿತ್ತು ನನಗೆ, ಗೊತ್ತಾ? ಅದೂ ನಿಮ್ಮಂಥವನ ಮೇಲೆ."

ಹೇಳಲು ನಾಚಿಕೆಯಾಗುವ ವಿಷಯ, ಆದರೂ ಹೇಳಬೇಕು. ಆ ಮಾತು ಕಿವಿಗೆ ಬಿದ್ದ ಕ್ಷಣ ದಶ್ನ್ಯಾಮ್‌ನ ಎದೆ ಸಂತೋಷದಿಂದ ಹಿಗ್ಗಿತು. ಈ ದೇವಮಾನವ ತನ್ನ ಮೇಲೆ ಹೊಟ್ಟೆ ಉರಿದುಕೊಂಡಿದ್ದ. ತನ್ನದೆಂದು ನಂಬಿ ಅವಳು ತಿಂದಿದ್ದಳು. ಆ ಸಂತೋಷದ ಬೆನ್ನ ಹಿಂದೆಯೇ ಭಯ ಬಂತು.

"ನಾನು ಏನೂ ಕಳಿಸಿಲ್ಲ," ಎಂದ. "ಒಂದು ಮೂಳೆ ಕೂಡ ಕಳಿಸಿಲ್ಲ."

"ಹಾಗಾದ್ರೆ ಅದು ನೀನು ಕಳಿಸಿದ್ದಲ್ವಾ?"

ಸರ್ನಾಯ್ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಕೇಳಿಸಿಕೊಂಡಿದ್ದಳೋ ತಿಳಿಯದು. ವಿಷ ಎಂಬ ಮಾತು ಅವಳಿಗೆ ಇನ್ನೂ ತಟ್ಟಿದಂತಿರಲಿಲ್ಲ, ಅದಕ್ಕಿಂತ ಮೊದಲು ಇನ್ನೇನೋ ತಟ್ಟಿತ್ತು.

"ನೀನು ಹೇಳಿಕೊಳ್ಳಲಿಲ್ಲ, ನಾನೂ ಎತ್ತಬಾರದು ಅಂತ ಸುಮ್ಮನಿದ್ದೆ," ಎಂದಳು ಮೆಲ್ಲಗೆ.

ಅಂಗರಗ್ ಅವಳ ಕೈ ಹಿಡಿದು ಕುರ್ಚಿಯಲ್ಲಿ ಕೂರಿಸಿದ. ಬಾಯಿ ತೆರೆಸಿ ಒಸಡು ನೋಡಿದ, ತೋಳು ಮೇಲೇರಿಸಿ ನೋಡಿದ. ದಶ್ನ್ಯಾಮ್‌ಗೆ ಆ ಕೈ ಹಿಡಿದದ್ದನ್ನು ನೋಡಿಯೂ ಈಗ ಏನೂ ಅನಿಸಲಿಲ್ಲ. ಅವಳ ಮುಂದೆ ಮಂಡಿಯೂರಿ ಕೂತ.

"ಸರ್ನಾಯ್, ನೆಟ್ಟಗೆ ಹೇಳು. ಯಾರು ತಂದುಕೊಡ್ತಿದ್ದದ್ದು?"

ಇದೆಂಥ ಪ್ರಶ್ನೆ ಎಂಬಂತೆ ಅವಳು ಅವನನ್ನು ನೋಡಿದಳು.

"ಇನ್ಯಾರು? ನಿನ್ನ ತ್ಸೆಂದ್. ಸಾಹೇಬ್ರು ಕಳಿಸಿದ್ದಾರೆ, ನಾನು ಹೇಳಿದೆ ಅಂತ ಹೇಳಬೇಡಿ ಅಂತಿದ್ದ."

ದಶ್ನ್ಯಾಮ್ ಎದ್ದು ಕಿಟಕಿಗೆ ಹೋದ. ಅಂಗಳದಲ್ಲಿ ಜೀಪು ನಿಂತಿರುತ್ತಿದ್ದ ಜಾಗ ಇನ್ನೂ ಖಾಲಿಯಾಗಿತ್ತು. ಯಂಜ್ಮಾಳ ಮನೆ ದೂರವೇನಿಲ್ಲ, ಹೋದವರು ಇಷ್ಟು ಹೊತ್ತಿಗೆ ಎರಡು ಸಲ ಬಂದು ಹೋಗಬಹುದಿತ್ತು. ಮುದುಕಿಯನ್ನು ಹತ್ತಿಸಿ, ಚೀಲದಲ್ಲಿ ಏನಿದೆ ಎಂದೂ ತ್ಸೆಂದ್‌ಗೆ ಹೇಳಿ, ಕೈಯಾರೆ ಬಾಗಿಲು ಹಾಕಿದವನು ಅವನೇ. ಆಮೇಲೆ ಖೂಷೂರ್ ಆರುವವರೆಗೂ ಕೂತು ಡಾಕ್ಟರನ ಹೆಸರು ಮಣ್ಣಾಗುವುದನ್ನು ಎಣಿಸುತ್ತಿದ್ದವನೂ ಅವನೇ.